ವಾಸಿಯಾಗದ ಕಾಯಿಲೆ ಇರುವ ನಾಯಕಿಯ ಪ್ರೇಮಕಾದಂಬರಿ ಬರೆಯುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಪ್ರೇಮಕಾದಂಬರಿಯ ಅಚ್ಚು ನಮಗೆಲ್ಲ ಗೊತ್ತಿರುವುದೇ. ಇಬ್ಬರು ಸಿಗುತ್ತಾರೆ, ಅಡ್ಡಿ ಬರುತ್ತದೆ, ಅಡ್ಡಿ ಸರಿಯುತ್ತದೆ, ಒಂದಾಗುತ್ತಾರೆ. ಜಾತಿ, ಅಂತಸ್ತು, ಹಳೇ ಪ್ರೇಮಿ, ಯಾರೋ ಮುಚ್ಚಿಟ್ಟ ಪತ್ರ. ಅಡ್ಡಿ ಏನೇ ಇದ್ದರೂ ಕೊನೆಯ ಅಧ್ಯಾಯದ ಹೊತ್ತಿಗೆ ಅದು ಕರಗಬೇಕು. ನಾಯಕಿಗೆ ದೀರ್ಘಕಾಲದ ಕಾಯಿಲೆ ಇದ್ದರೆ ಈ ಅಚ್ಚು ಕೈಕೊಡುತ್ತದೆ. ಕಾಯಿಲೆ ಮದುವೆಯ ದಿನವೂ ಇರುತ್ತದೆ, ಹತ್ತು ವರ್ಷದ ನಂತರವೂ ಇರುತ್ತದೆ.

ನಮ್ಮ ಜನಪ್ರಿಯ ಕಥೆಗಳು ಇದಕ್ಕೆ ಎರಡು ಸುಲಭದ ದಾರಿ ಹುಡುಕಿಕೊಂಡಿವೆ. ಒಂದು, ನಾಯಕಿಯನ್ನು ಸಾಯಿಸುವುದು. ಕೆಮ್ಮು, ಕರವಸ್ತ್ರದಲ್ಲಿ ರಕ್ತ, ನಾಯಕನ ತೊಡೆಯ ಮೇಲೆ ಕೊನೆಯುಸಿರು. ಇನ್ನೊಂದು, ಫಾರಿನ್ ಡಾಕ್ಟರನ್ನೋ ಹರಕೆಯನ್ನೋ ತಂದು ವಾಸಿ ಮಾಡಿಬಿಡುವುದು. ಎರಡೂ ಒಂದೇ ಕೆಲಸ ಮಾಡುತ್ತವೆ. ಕಾಯಿಲೆಯನ್ನು ಕಥೆಯಿಂದ ಆಚೆ ಹಾಕುತ್ತವೆ.

ಕಾಯಿಲೆಯನ್ನು ಒಳಗೇ ಇಟ್ಟುಕೊಂಡು ಸುಖಾಂತ್ಯ ಬರೆಯಬೇಕು ಅನ್ನುವವರಿಗೆ ನನ್ನ ಸಲಹೆ ಇಷ್ಟೇ: ಅದನ್ನು ಕಥೆಯ ವಿಲನ್ ಮಾಡಬೇಡಿ, ಗಡಿಯಾರ ಮಾಡಿಕೊಳ್ಳಿ. ನಾಯಕಿ ಎಷ್ಟು ಹೊತ್ತಿಗೆ ಏಳಬಲ್ಲಳು, ಯಾವ ವಾರ ಊರು ಬಿಡಬಲ್ಲಳು, ಯಾವಾಗ ಮಗು ಬೇಕು ಅನ್ನಬಲ್ಲಳು ಎಂಬುದನ್ನು ಕಾಯಿಲೆ ಹೇಳಲಿ. ಯಾರನ್ನು ಪ್ರೀತಿಸಬೇಕು, ಯಾಕೆ ಜಗಳ ಆಡಬೇಕು ಎಂಬುದನ್ನು ಅವಳೇ ಹೇಳಲಿ.

ಹೆಜ್ಜೆ 1: ಕಾಯಿಲೆಗೆ ಹೆಸರಿಡಿ

“ಅವಳಿಗೇನೋ ಕಾಯಿಲೆ” ಅಂದರೆ ಓದುಗರು ನಂಬುವುದಿಲ್ಲ. ಕಾಯಿಲೆ ಯಾವುದು ಅನ್ನುವುದರ ಮೇಲೆ ಕಾದಂಬರಿಯ ದಿನಚರಿಯೇ ಬದಲಾಗುತ್ತದೆ.

ಟೈಪ್ 1 ಮಧುಮೇಹ ಆದರೆ ಗಂಟೆ ಗಂಟೆಯ ಲೆಕ್ಕ. ಊಟಕ್ಕೆ ಮೊದಲು ಇನ್ಸುಲಿನ್, ಮದುವೆ ಊಟದ ಪಂಕ್ತಿ ತಡವಾದರೆ ಶುಗರ್ ಇಳಿದು ಬೆವರು, ಕೈನಡುಕ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಲೂಪಸ್‌ನಲ್ಲಿ ಹಲವರಿಗೆ ಬಿಸಿಲೇ ಆಗುವುದಿಲ್ಲ. ಈ ಕಾಯಿಲೆ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು. ಇಂಥ ನಾಯಕಿ ನಾಯಕನನ್ನು ಭೇಟಿಯಾಗುವುದೆಲ್ಲ ಸಂಜೆಯ ಮೇಲೇ ಆಗಬೇಕು. ಗರ್ಭಕೋಶದ ಒಳಪೊರೆಯಂಥದ್ದೇ ಪೊರೆ ಗರ್ಭಕೋಶದ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ತಿಂಗಳ ಲೆಕ್ಕದ್ದು. “ಎಲ್ಲ ಹೆಂಗಸರಿಗೂ ಮುಟ್ಟಿನ ನೋವು ಇದ್ದದ್ದೇ” ಅಂತ ಮನೆಯವರೂ ಡಾಕ್ಟರೂ ಹೇಳುತ್ತಾ ಇರುವಾಗಲೇ ವರ್ಷಗಳು ಹೋಗುತ್ತವೆ.

ಮೂರ್ಛೆರೋಗ ಆರಿಸಿದರೆ ಅದರ ಹಿಂದೆ ಕಾನೂನಿನ ಒಂದು ಚರಿತ್ರೆಯೇ ಇದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಎನಿಸುವ ಕಾರಣಗಳ ಪಟ್ಟಿಯಿಂದ ಮೂರ್ಛೆರೋಗವನ್ನು ತೆಗೆದದ್ದು 1999ರಲ್ಲಿ. ಅಂದರೆ ನಿಮ್ಮ ನಾಯಕಿಯ ಅತ್ತೆ ಮದುವೆಯಾದ ಕಾಲದಲ್ಲಿ ಆ ಪದ ಕಾಯ್ದೆಯಲ್ಲೇ ಇತ್ತು. ಅತ್ತೆಯ ಭಯ ಎಲ್ಲಿಂದ ಬಂತು ಅಂತ ಓದುಗರಿಗೆ ತೋರಿಸಲು ಇಷ್ಟು ಸಾಕು.

ಈ ಬರಹದ ಉದ್ದಕ್ಕೂ ನಾನು ರುಮಟಾಯ್ಡ್ ಆರ್ಥ್ರೈಟಿಸ್ ಇಟ್ಟುಕೊಳ್ಳುತ್ತೇನೆ. ನಮ್ಮಲ್ಲಿ ಸಂಧಿವಾತ ಅನ್ನುತ್ತಾರೆ, ಮನೆಗಳಲ್ಲಿ ಬರೀ “ವಾತ”. ದೇಹದ ರಕ್ಷಣಾ ವ್ಯವಸ್ಥೆ ಕೀಲುಗಳ ಒಳಪೊರೆಯ ಮೇಲೇ ತಿರುಗಿಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ. ಮಂಡಿ ಸವೆಯುವ ಮುಪ್ಪಿನ ನೋವು ಬೇರೆ, ಇದು ಬೇರೆ. ಇಪ್ಪತ್ತು ಮೂವತ್ತರ ವಯಸ್ಸಿನಲ್ಲೂ ಬರುತ್ತದೆ. ಹೊರಗಿನಿಂದ ನೋಡಿದರೆ ಎಷ್ಟೋ ಸಲ ಏನೂ ಕಾಣುವುದಿಲ್ಲ. ಪ್ರೇಮಕಥೆಗೆ ಅದು ಬಹಳ ಉಪಯೋಗದ ಗುಣ.

ಹೆಜ್ಜೆ 2: ಮೊದಲು ಹುಡುಗಿ, ಆಮೇಲೆ ಕಾಯಿಲೆ

ಒಂದು ಹಾಳೆ ತೆಗೆದುಕೊಂಡು ಕಾಯಿಲೆಯ ಮಾತೇ ಎತ್ತದೆ ನಾಯಕಿಯ ಬಗ್ಗೆ ಬರೆಯಿರಿ. ಉದಾಹರಣೆಗೆ ಒಬ್ಬಳನ್ನು ಕಟ್ಟೋಣ. ಹೆಸರು ಚೈತ್ರಾ, ವಯಸ್ಸು 29, ಹಾಸನದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಶಿಯರ್. ಲೆಕ್ಕ ತಪ್ಪಿದರೆ ನಿದ್ದೆ ಬರುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆ ಸಾಲ ಇವಳ ತಲೆ ಮೇಲಿದೆ. ಅದನ್ನು ತೀರಿಸಿ ಮಹಡಿ ಮೇಲೆ ತನಗೇ ಅಂತ ಒಂದು ರೂಮು ಕಟ್ಟಿಸಬೇಕು ಅಂತ ಆಸೆ. ತಮ್ಮ ದುಡ್ಡು ಕೇಳಿದರೆ ಬೈಯುತ್ತಾಳೆ, ಬೈದು ಕೊಡುತ್ತಾಳೆ. ಸ್ವಲ್ಪ ಜಂಬ ಇದೆ.

ಕಾಯಿಲೆ ತೆಗೆದುಹಾಕಿದರೂ ಇವಳ ಮೇಲೆ ಕಥೆ ಬರೆಯಬಹುದಾ ಅಂತ ಕೇಳಿಕೊಳ್ಳಿ. ಆಗುವುದಿಲ್ಲ ಅನ್ನಿಸಿದರೆ ಇನ್ನೂ ಹಾಳೆ ತುಂಬಿಸಿ. ಜಂಬ, ಹಟ, ಹೊಟ್ಟೆಕಿಚ್ಚು ಎಲ್ಲ ಕೊಡಿ. ನೋವಿನಲ್ಲೂ ನಗುವ ದೇವತೆಯಂಥ ಹುಡುಗಿಯರು ನಮ್ಮ ಕಾದಂಬರಿಗಳಲ್ಲಿ ಬೇಕಾದಷ್ಟು ಆಗಿಹೋಗಿದ್ದಾರೆ. ನಿಜವಾಗಿ ನೋವಿರುವವರು ಸಿಡುಕುತ್ತಾರೆ.

ಈಗ ಕಾಯಿಲೆಯನ್ನು ಅವಳ ಕೆಲಸದ ಪಕ್ಕಕ್ಕೆ ತನ್ನಿ. ಸಂಧಿವಾತ ಹಿಡಿಯುವುದು ಸಾಮಾನ್ಯವಾಗಿ ಬೆರಳಿನ ಬುಡದ ಮತ್ತು ನಡುವಿನ ಗಂಟುಗಳನ್ನು, ಮಣಿಕಟ್ಟನ್ನು. ಅದೂ ಎರಡೂ ಕೈಗೆ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಬಿಗಿತ ಬಿಡಲು ಒಂದು ಗಂಟೆ, ಕೆಲವು ದಿನ ಇನ್ನೂ ಹೆಚ್ಚು. ಕೌಂಟರ್ ತೆರೆಯುವುದು ಹತ್ತಕ್ಕೆ. ಎದುರಿಗೆ ನೂರು ನೋಟಿನ ಕಟ್ಟುಗಳು. ನೋಡಿ, ಕಥೆ ಶುರುವಾಗೇಬಿಟ್ಟಿತು.

ಹೆಜ್ಜೆ 3: ತಿಳಿದುಕೊಳ್ಳಿ, ಆದರೆ ಸರಿಯಾದ ಪ್ರಶ್ನೆ ಕೇಳಿ

ಇಂಟರ್ನೆಟ್ಟಿನಲ್ಲಿ ರೋಗಲಕ್ಷಣಗಳ ಪಟ್ಟಿ ಸಿಗುತ್ತದೆ. ಜೀವನ ಸಿಗುವುದಿಲ್ಲ. ಅದಕ್ಕೆ ಆ ಕಾಯಿಲೆ ಇರುವವರ ಹತ್ತಿರವೇ ಮಾತಾಡಬೇಕು. “ನೋವು ಹೇಗಿರುತ್ತೆ?” ಅಂತ ಕೇಳಿದರೆ “ತುಂಬಾ ಇರುತ್ತೆ” ಅನ್ನುತ್ತಾರೆ, ಮಾತು ಮುಗಿಯಿತು. ಸಣ್ಣ ಕೆಲಸಗಳ ಬಗ್ಗೆ ಕೇಳಿ. ಬೆಳಗ್ಗೆ ಹಾಲಿನ ಪ್ಯಾಕೆಟ್ ಹೇಗೆ ಕತ್ತರಿಸುತ್ತೀರಿ? ಕುಕ್ಕರ್ ಮುಚ್ಚಳ ಯಾರು ತೆಗೆಯುತ್ತಾರೆ? ಬ್ಲೌಸಿನ ಹುಕ್ ಹಾಕುವುದು ಹೇಗೆ? ಮನೆಗೆ ಬಂದವರು ಏನೆಂದರೆ ಸಿಟ್ಟು ಬರುತ್ತದೆ? ಒಂದೊಂದು ಉತ್ತರವೂ ಒಂದೊಂದು ದೃಶ್ಯ. ಮಾತಾಡಿದವರ ಗುರುತು ಸಿಗುವ ವಿವರವನ್ನು ಮಾತ್ರ ಕಾದಂಬರಿಗೆ ತರಬೇಡಿ.

ಔಷಧಿಯ ವಿಷಯಕ್ಕೆ ಡಾಕ್ಟರನ್ನೇ ಕೇಳಬೇಕು. ಇಲ್ಲಿ ಒಂದು ವಿಷಯ ಒತ್ತಿ ಹೇಳುತ್ತೇನೆ. ಸಂಧಿವಾತಕ್ಕೆ ಹೆಚ್ಚಾಗಿ ಕೊಡುವ ಮಾತ್ರೆ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. “ಚೈತ್ರಾ ದಿನವೂ ಮೆಥೊಟ್ರೆಕ್ಸೇಟ್ ನುಂಗಿ ಮಲಗುತ್ತಿದ್ದಳು” ಅಂತ ನೀವು ಗೊತ್ತಿಲ್ಲದೆ ಬರೆದು, ಅದನ್ನು ಯಾರೋ ನಂಬಿದರೆ? ಕಾದಂಬರಿಯಲ್ಲಿ ಮಾತ್ರೆಯ ಹೆಸರು ಹಾಕುವ ಹಾಗಿದ್ದರೆ ವಿವರ ಸರಿ ಇರಲೇಬೇಕು. ಖಾತ್ರಿ ಇಲ್ಲದಿದ್ದರೆ ಸುಮ್ನೆ “ವಾರದ ಮಾತ್ರೆ” ಅಂತ ಬರೆಯಿರಿ.

ಉಳಿದಂತೆ ಬೇಕಾಗುವ ವಿವರಗಳು ಇವು. ವಾರದ ಮಾತ್ರೆಯ ಜೊತೆ ಬೇರೆ ದಿನ ಫೋಲಿಕ್ ಆ್ಯಸಿಡ್ ಕೊಡುತ್ತಾರೆ. ಮಾತ್ರೆ ತೆಗೆದುಕೊಂಡ ಮರುದಿನ ಹಲವರಿಗೆ ವಾಕರಿಕೆ, ಸುಸ್ತು. ಅದು ಕೆಲಸ ಮಾಡಲು ಒಂದೂವರೆಯಿಂದ ಮೂರು ತಿಂಗಳು ಹಿಡಿಯುತ್ತದೆ. ಲಿವರ್ ಪರೀಕ್ಷೆ, ರಕ್ತಪರೀಕ್ಷೆ ಮತ್ತೆ ಮತ್ತೆ ಆಗುತ್ತಿರಬೇಕು. ಇದೇ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಇದ್ದರೆ ಕಣ್ಣಿನ ತಪಾಸಣೆ. ಸ್ಟಿರಾಯ್ಡ್ ಕೊಟ್ಟಾಗ ಹಸಿವು ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ, ಮುಖ ಊದಿಕೊಳ್ಳುತ್ತದೆ. ನೆಂಟರು ಅದನ್ನೇ ನೋಡಿ “ಈಗ ಮೈಕೈ ತುಂಬ್ಕೊಂಡು ಚೆನ್ನಾಗಾಗಿದ್ದೀಯ” ಅಂತ ಹೊಗಳುತ್ತಾರೆ! ಮಾತ್ರೆಗೆ ಬಗ್ಗದಿದ್ದರೆ ಬಯಾಲಜಿಕ್ ಚುಚ್ಚುಮದ್ದು. ಅದು ದುಬಾರಿ, ಶುರು ಮಾಡುವ ಮುಂಚೆ ಒಳಗೆ ಅಡಗಿದ ಟಿಬಿ ಇದೆಯಾ ಅಂತ ಪರೀಕ್ಷಿಸುತ್ತಾರೆ.

ನಮ್ಮ ನೆಲದ ಒಂದು ವಿವರ ಬಿಡಬೇಡಿ. 2006ರಲ್ಲಿ ಚಿಕುನ್‌ಗುನ್ಯಾ ಕರ್ನಾಟಕವನ್ನು ಗುಡಿಸಿಹಾಕಿತು. ಆ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೀಲುನೋವು ಉಳಿಯುತ್ತಿತ್ತು. ಆಮೇಲಿಂದ ಹಳ್ಳಿಗಳಲ್ಲಿ ಯಾರಿಗೆ ಕೀಲು ನೋವು ಬಂದರೂ “ಚಿಕುನ್‌ಗುನ್ಯಾ ಇರ್ಬೇಕು, ತಾನಾಗೇ ಹೋಗುತ್ತೆ” ಅನ್ನುವುದು ರೂಢಿ. ಚೈತ್ರಾಳ ಅಮ್ಮ ಕೂಡ ಹೀಗೇ ಹೇಳಿ ಒಂದು ವರ್ಷ ಕಳೆದಿರಬಹುದು. ಅಷ್ಟರಲ್ಲಿ ಬದನೆಕಾಯಿ ಬಿಡಿಸಿ, ಆಲೂಗಡ್ಡೆ ಬಿಡಿಸಿ, ಎಣ್ಣೆ ತಿಕ್ಕಿ, ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನೂ ನುಂಗಿಸಿ ಆಗಿರುತ್ತದೆ. ಈ ಅಮ್ಮನನ್ನು ದಡ್ಡಿ ಅಂತ ಚಿತ್ರಿಸಬೇಡಿ. ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದ್ದಾಳೆ.

ಹೆಜ್ಜೆ 4: ಒಂದು ವರ್ಷದ ಕ್ಯಾಲೆಂಡರ್ ಹಾಕಿ

ಗೋಡೆ ಕ್ಯಾಲೆಂಡರ್ ಒಂದನ್ನು ತೆಗೆದುಕೊಂಡು ಎರಡು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ. ಒಂದು ಕಾಯಿಲೆಗೆ, ಒಂದು ಪ್ರೇಮಕ್ಕೆ.

ಚೈತ್ರಾ ವಾರದ ಮಾತ್ರೆಯನ್ನು ಶನಿವಾರ ರಾತ್ರಿ ತೆಗೆದುಕೊಳ್ಳುತ್ತಾಳೆ, ಭಾನುವಾರ ಮಲಗಿ ಸುಧಾರಿಸಿಕೊಳ್ಳಬಹುದು ಅಂತ. ಆದರೆ ಊರಿನ ಮದುವೆ, ಗೃಹಪ್ರವೇಶ, ಸಿನಿಮಾ, ನಾಯಕ ಕರೆಯುವ ಸಕಲೇಶಪುರದ ಪ್ರವಾಸ ಎಲ್ಲ ಭಾನುವಾರವೇ. ಪ್ರತಿ ಸಲ ಏನೋ ನೆಪ ಹೇಳುತ್ತಾಳೆ. ಅವನು “ಇವಳಿಗೆ ನನ್ನಲ್ಲಿ ಆಸಕ್ತಿ ಇಲ್ಲ” ಅಂದುಕೊಳ್ಳುತ್ತಾನೆ. ಕೃತಕವಾದ ತಪ್ಪು ತಿಳಿವಳಿಕೆ ಹುಟ್ಟಿಸಬೇಕಾದ ಕಷ್ಟವೇ ನಿಮಗಿಲ್ಲ.

ಹಾಸನದಿಂದ ಬೆಂಗಳೂರಿನ ಆಸ್ಪತ್ರೆಗೆ ಸುಮಾರು 180 ಕಿಲೋಮೀಟರ್. 2017ರಿಂದ ಕುಣಿಗಲ್ ಮೇಲೆ ನೇರ ರೈಲು ಇದೆ. ಎರಡು ಮೂರು ತಿಂಗಳಿಗೊಮ್ಮೆ ರಜೆ ಹಾಕಿ ಹೋಗಬೇಕು. ಬ್ಯಾಂಕಿನಲ್ಲಿ “ಯಾರನ್ನ ನೋಡೋಕೆ ಬೆಂಗ್ಳೂರಿಗೆ ಹೋಗ್ತಾಳೆ?” ಅಂತ ಗುಸುಗುಸು. ಆಸ್ಪತ್ರೆಯಲ್ಲಿ ಡಾಕ್ಟರು ಒಂದೊಂದೇ ಕೀಲು ಒತ್ತಿ ನೋಡುತ್ತಾರೆ. ಕಾಯಿಲೆಯ ತೀವ್ರತೆ ಅಳೆಯುವ ಒಂದು ಪದ್ಧತಿಯಲ್ಲಿ ಹೀಗೆ 28 ಕೀಲುಗಳನ್ನು ಎಣಿಸುತ್ತಾರೆ. ದಿನವಿಡೀ ನೋಟು ಎಣಿಸುವವಳು ತನ್ನ ಕೀಲುಗಳನ್ನು ಬೇರೆಯವರು ಎಣಿಸುವಾಗ ಏನು ಯೋಚಿಸುತ್ತಾಳೆ? ಇದನ್ನು ಬರೆಯದೆ ಬಿಟ್ಟರೆ ಲಾಸ್ ನಿಮಗೇ.

ಚಳಿಗಾಲದಲ್ಲಿ ನೋವು ಹೆಚ್ಚು ಅನ್ನುವುದು ಬಹಳ ರೋಗಿಗಳ ಮಾತು. ವೈದ್ಯರಲ್ಲಿ ಒಮ್ಮತ ಇಲ್ಲ. ಪಾತ್ರದ ಬಾಯಲ್ಲಿ ಹೇಳಿಸಿ, ನಿರೂಪಕರಾಗಿ ನೀವು ಹೇಳಬೇಡಿ.

ಇನ್ನೊಂದು ಎಚ್ಚರ. ಕ್ಯಾಲೆಂಡರಿನ ತುಂಬ ಕಾಯಿಲೆಯ ಬಣ್ಣವೇ ಆಗಬಾರದು. ಔಷಧಿ ಹಿಡಿದರೆ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಹೆಚ್ಚು ತೊಂದರೆ ಇಲ್ಲದೆ ಸಾಗುತ್ತದೆ. ಒಳ್ಳೇ ದಿನಗಳಲ್ಲಿ ಚೈತ್ರಾ ಸ್ಕೂಟಿಯಲ್ಲಿ ಹಳೇಬೀಡಿಗೂ ಹೋಗುತ್ತಾಳೆ. ಆಗ ಬ್ಯಾಂಕಿನವರು “ಮೊನ್ನೆ ಚೆನ್ನಾಗೇ ಇದ್ಯಲ್ಲ?” ಅನ್ನುತ್ತಾರೆ. ಒಂದು ದಿನ ಆಗುವುದು ಇನ್ನೊಂದು ದಿನ ಆಗದಿರುವುದೇ ಸುತ್ತಲಿನವರಿಗೆ ಅರ್ಥವಾಗುವುದಿಲ್ಲ. ಸುಳ್ಳಿ ಅನ್ನಿಸಿಕೊಳ್ಳುವ ಈ ಅವಮಾನ ನೋವಿಗಿಂತ ಹೆಚ್ಚು ಪುಟ ಬೇಡುತ್ತದೆ.

ಹೆಜ್ಜೆ 5: ನಾಯಕನನ್ನು ದೇವರು ಮಾಡಬೇಡಿ

ನಾಯಕ ಡಾಕ್ಟರ್ ಆಗುವುದು ಬೇಡ. ಡಾಕ್ಟರ್ ತನ್ನ ರೋಗಿಯನ್ನು ಪ್ರೀತಿಸುವುದು ವೃತ್ತಿಧರ್ಮಕ್ಕೇ ವಿರುದ್ಧ. ತ್ಯಾಗಮೂರ್ತಿಯೂ ಬೇಡ. “ಇಂಥವಳನ್ನೂ ಒಪ್ಪಿಕೊಂಡ” ಅನ್ನುವ ಭಾವ ಒಂದು ಸಾಲಿನಲ್ಲಿ ನುಸುಳಿದರೂ ಇಡೀ ಪುಸ್ತಕ ವಾಲುತ್ತದೆ. ಅವನಿಗೂ ಏನೋ ಬೇಕಿರಬೇಕು, ಅದನ್ನು ಕೊಡಲು ಅವಳಿಂದ ಆಗಬೇಕು.

ನಮ್ಮ ನಾಯಕ ಲೋಹಿತ್, ಪೆಟ್ರೋಲ್ ಬಂಕಿನ ಮ್ಯಾನೇಜರ್. ದಿನಾ ಬೆಳಗ್ಗೆ ಹಿಂದಿನ ದಿನದ ಕಲೆಕ್ಷನ್ ಕಟ್ಟಲು ಬರುತ್ತಾನೆ. ಲೆಕ್ಕದಲ್ಲಿ ದಡ್ಡ. ಚೈತ್ರಾ ಅವನ ಚಲನ್ ತಿದ್ದಿ ತಿದ್ದಿ ಸಾಕಾಗಿದ್ದಾಳೆ. ಮಾಲೀಕರ ಎದುರು ಅವನ ಮರ್ಯಾದೆ ಉಳಿದಿರುವುದೇ ಅವಳಿಂದ. ಒಂದು ದಿನ ಅವಳು ರಬ್ಬರ್ ಬ್ಯಾಂಡ್ ಬಿಡಿಸಲು ಒದ್ದಾಡುವುದು ಅವನ ಕಣ್ಣಿಗೆ ಬೀಳುತ್ತದೆ. ಮರುದಿನದಿಂದ ಕಟ್ಟುಗಳಿಗೆ ಬರೀ ಕಾಗದದ ಪಟ್ಟಿ, ಅದೂ ಸಡಿಲವಾಗಿ.

“ರಬ್ಬರ್ ಬ್ಯಾಂಡ್ ಯಾಕೆ ಹಾಕಿಲ್ಲ?”

“ಖಾಲಿ ಆಗಿದೆ ಮೇಡಂ.”

“ಎರಡು ವಾರದಿಂದ?”

“ಹೂಂ ಮೇಡಂ.”

“ನಾಳೆ ಹಾಕ್ಕೊಂಡು ಬನ್ನಿ. ನನಗೆ ಬಿಡಿಸೋಕೆ ಬರುತ್ತೆ.”

ಕೇಳದೆ ಮಾಡಿದ ಸಹಾಯಕ್ಕೆ ಅವಳು ಕರಗಲಿಲ್ಲ, ರೇಗಿದಳು. ಈ ರೇಗುವಿಕೆಯನ್ನು ಉಳಿಸಿಕೊಳ್ಳಿ. ಅವನು ಕಲಿಯಬೇಕಾದದ್ದು ಸಹಾಯ ಮಾಡುವುದನ್ನಲ್ಲ, ಕೇಳುವುದನ್ನು. ಅವಳು ಕಲಿಯಬೇಕಾದದ್ದು ಹೂಂ ಅನ್ನುವುದನ್ನು. ಕಾದಂಬರಿಯ ಅರ್ಧ ಪ್ರಯಾಣ ಇದೇ.

ಹೆಜ್ಜೆ 6: ಹೇಳುವ ದೃಶ್ಯ

ಕಾಯಿಲೆಯ ವಿಷಯ ನಾಯಕನಿಗೆ ಹೇಗೆ ಗೊತ್ತಾಗುತ್ತದೆ? ಪ್ರಜ್ಞೆ ತಪ್ಪಿ ಬಿದ್ದು, ನರ್ಸ್ ಬಂದು ಹೇಳುವ ದೃಶ್ಯ ಬರೆಯಬೇಡಿ. ಸಂಧಿವಾತದವರು ಹಾಗೆ ಪಟ್ ಅಂತ ಬೀಳುವುದೂ ಇಲ್ಲ. ಅವಳೇ ಹೇಳಲಿ. ತೀರಾ ಸಾಮಾನ್ಯವಾದ ಜಾಗದಲ್ಲಿ ಹೇಳಲಿ, ಬಸ್ ಸ್ಟ್ಯಾಂಡಿನಲ್ಲಿ, ಪಾರ್ಸೆಲ್ ದೋಸೆಗೆ ಕಾಯುವಾಗ. ಅವನ ಮೊದಲ ಉತ್ತರ ಪೆದ್ದುಪೆದ್ದಾಗಿರಲಿ: “ನಮ್ಮ ಅಜ್ಜಿಗೂ ಇತ್ತು. ಅರಿಶಿನ ಹಾಲು ಕುಡೀರಿ.” ಇದು ನಿಜ ಜೀವನದಲ್ಲಿ ನೂರು ಸಲ ಕೇಳಿರುವ ಮಾತು. ಅವಳಿಗೆ ನಗು ಬರಬಹುದು, ಎದ್ದೇ ಹೋಗಬಹುದು. ಆಮೇಲೆ ಅವನು ಏನು ಮಾಡುತ್ತಾನೆ ಅನ್ನುವುದರಿಂದ ಅವನೆಂಥವನು ಅಂತ ಗೊತ್ತಾಗುತ್ತದೆ.

ಹೆಜ್ಜೆ 7: ಮದುವೆ, ಮನೆಯವರು, ಮಗು

ಕನ್ನಡದ ಪ್ರೇಮಕಾದಂಬರಿಯಲ್ಲಿ ಇಬ್ಬರು ಒಪ್ಪಿದರೆ ಮುಗಿಯಲಿಲ್ಲವಲ್ಲ. ಮನೆ ಇದೆ. ಈ ಕಥೆಯ ನಿಜವಾದ ಬಿಸಿ ಇರುವುದೂ ಇಲ್ಲೇ.

“ಮದುವೆಗೆ ಮುಂಚೆ ಹೇಳೋದು ಬೇಡ, ಆಮೇಲೆ ಎಲ್ಲ ಸರಿಹೋಗುತ್ತೆ.” ಈ ಮಾತನ್ನು ಚೈತ್ರಾಳ ಸೋದರತ್ತೆಯೋ ದೊಡ್ಡಮ್ಮನೋ ಹೇಳಿಯೇ ಹೇಳುತ್ತಾರೆ. ಅದು ಬರೀ ನೈತಿಕ ಪ್ರಶ್ನೆಯಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ, ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ವಂಚನೆಯಿಂದ ಒಪ್ಪಿಗೆ ಪಡೆದಿದ್ದರೆ ಮದುವೆ ರದ್ದಿಗೆ ಅರ್ಜಿ ಹಾಕಲು ಅವಕಾಶ ಇದೆ. ಯಾವ ಕಾಯಿಲೆ ಮುಖ್ಯ ಸಂಗತಿ ಎಂಬುದನ್ನು ಕೋರ್ಟು ನೋಡುತ್ತದೆ. ಚೈತ್ರಾಳಿಗೆ ಹಿಂದೊಮ್ಮೆ ಹೀಗೆ ಮುಚ್ಚಿಟ್ಟು ಗೊತ್ತು ಮಾಡಿದ ಸಂಬಂಧ ಮುರಿದುಬಿದ್ದಿತ್ತು ಅಂತ ಇಟ್ಟುಕೊಳ್ಳಿ. ಲೋಹಿತನ ಮುಂದೆ ಅವಳ ಬಿಗುಮಾನಕ್ಕೆ ಕಾರಣ ಸಿಕ್ಕಿತು.

ಮಗುವಿನ ವಿಷಯಕ್ಕೆ ಒಂದು ಅಧ್ಯಾಯವನ್ನೇ ಕೊಡಬೇಕು. ಮೆಥೊಟ್ರೆಕ್ಸೇಟ್ ಗರ್ಭಕ್ಕೆ ಹಾನಿ ಮಾಡುತ್ತದೆ. ಮಗು ಬೇಕೆಂದರೆ ಕೆಲವು ತಿಂಗಳು ಮೊದಲೇ ನಿಲ್ಲಿಸಬೇಕು, ಸಾಮಾನ್ಯವಾಗಿ 3 ತಿಂಗಳು ಅನ್ನುತ್ತಾರೆ. ಗರ್ಭಿಣಿಯರಿಗೂ ಕೊಡಬಹುದಾದ ಬೇರೆ ಔಷಧಿಗೆ ಡಾಕ್ಟರು ಬದಲಿಸುತ್ತಾರೆ. ಬದಲಿಸಿದಾಗ ನೋವು ಮರಳಬಹುದು. ಇದರಲ್ಲಿ ಒಂದು ವಿಚಿತ್ರ ಇದೆ: ಬಸುರಿನಲ್ಲಿ ಎಷ್ಟೋ ಹೆಂಗಸರಿಗೆ ಸಂಧಿವಾತ ತಾನಾಗೇ ತಗ್ಗುತ್ತದೆ, ಬಾಣಂತನದ ತಿಂಗಳುಗಳಲ್ಲಿ ಮತ್ತೆ ಏಳುತ್ತದೆ. ಮಗು ಎತ್ತಿಕೊಳ್ಳಲು ಕೈ ಬೇಕಾದ ಹೊತ್ತಿಗೇ. ಅಂದರೆ “ಯಾವಾಗ ಸಿಹಿ ಸುದ್ದಿ?” ಅನ್ನುವ ಮಾಮೂಲಿ ಪ್ರಶ್ನೆಗೆ ಈ ದಂಪತಿಗಳ ಉತ್ತರದಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟು, ಹೆರಿಗೆ ರಜೆ, ಬಾಣಂತನಕ್ಕೆ ಯಾರು ಬರುತ್ತಾರೆ ಅನ್ನುವುದು ಎಲ್ಲ ಸೇರಿರುತ್ತದೆ. ಮಗು ಬೇಡ ಅಂತ ಅವರು ತೀರ್ಮಾನಿಸಿದರೂ ಸರಿ, ಅದನ್ನು ದುರಂತ ಮಾಡಬೇಡಿ.

ದುಡ್ಡಿನ ಮಾತೂ ಬರಲಿ. ಹೊಸ ಆರೋಗ್ಯ ವಿಮೆ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರಲ್ಲಿ ಅದರ ಮಿತಿಯನ್ನು 4 ವರ್ಷದಿಂದ 3ಕ್ಕೆ ಇಳಿಸಿದರು. ವಿಮೆಯ ಫಾರಂ ಇಬ್ಬರೂ ಸೇರಿ ತುಂಬುವ ದೃಶ್ಯ ಚಂದ್ರನ ಕೆಳಗಿನ ಡ್ಯುಯೆಟ್ಟಿಗಿಂತ ಚೆನ್ನಾಗಿ ಪ್ರೀತಿ ತೋರಿಸುತ್ತದೆ ಅಂತ ನನ್ನ ನಂಬಿಕೆ.

ಹೆಜ್ಜೆ 8: ಮೈಯ ಮಾತು

ಕಾಯಿಲೆ ಇರುವ ನಾಯಕಿಗೆ ಆಸೆಯೇ ಇಲ್ಲ ಎನ್ನುವ ಹಾಗೆ ಬರೆಯುವುದು ದೊಡ್ಡ ಅನ್ಯಾಯ. ಎಷ್ಟು ಬಿಚ್ಚಿ ಬರೆಯುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು. ಆದರೆ ಮೊದಲ ಸಲ ಕೈ ಹಿಡಿಯುವ ದೃಶ್ಯವೇ ಇಲ್ಲಿ ಬೇರೆ ಥರ ಆಗುತ್ತದೆ. ಬೆರಳು ಊದಿರುವವಳ ಕೈಯನ್ನು ಸಿನಿಮಾದಲ್ಲಿ ಹಿಡಿದ ಹಾಗೆ ಬಿಗಿಯಾಗಿ ಹಿಡಿಯಲಾಗದು. “ಮಣಿಕಟ್ಟು ಬೇಡ, ಇಲ್ಲಿ ಹಿಡ್ಕೊ” ಅಂತ ಅವಳೇ ಮೊಣಕೈ ತೋರಿಸಬಹುದು. ಮಾತಾಡಿಕೊಂಡು ಮುಟ್ಟುವ ಜೋಡಿಯ ಸಲಿಗೆಗೆ ಅದರದೇ ಒಂದು ರುಚಿ ಇರುತ್ತದೆ.

ಹೆಜ್ಜೆ 9: ಮುರಿಯುವ ಜಾಗ

ಕಥೆಯ ಮುಕ್ಕಾಲು ಭಾಗದ ಹೊತ್ತಿಗೆ ಜೋಡಿ ಬೇರೆಯಾಗುವುದು ಈ ಪ್ರಕಾರದ ರೂಢಿ. ಕಾಯಿಲೆ ಉಲ್ಬಣಿಸಿದ್ದರಿಂದಲೇ ಬೇರೆಯಾದರು ಅಂತ ಮಾಡಿದರೆ, ಮತ್ತೆ ಒಂದಾಗಲು ಕಾಯಿಲೆ ಇಳಿಯಬೇಕಾಗುತ್ತದೆ. ಅಲ್ಲಿಗೆ ಹಳೇ ಹಳ್ಳಕ್ಕೇ ಬಿದ್ದಿರಿ. ಬಿರುಕಿಗೆ ಯಾರದೋ ನಿರ್ಧಾರ ಕಾರಣವಾಗಲಿ. ಲೋಹಿತ್ ಅವಳನ್ನು ಕೇಳದೆ ಬ್ಯಾಂಕಿನ ಮ್ಯಾನೇಜರ್ ಹತ್ತಿರ ಹೋಗಿ “ಚೈತ್ರಾ ಮೇಡಂಗೆ ಹುಷಾರಿರಲ್ಲ, ಕ್ಯಾಶ್ ಬಿಟ್ಟು ಬೇರೆ ಸೀಟು ಕೊಡಿ” ಅನ್ನುತ್ತಾನೆ ಅನ್ನಿ. ಒಳ್ಳೇ ಮನಸ್ಸಿನಿಂದಲೇ. ಅವಳು ಇಷ್ಟು ವರ್ಷ ಮುಚ್ಚಿಟ್ಟದ್ದು ಆಫೀಸಿಗೆಲ್ಲ ಗೊತ್ತಾಯಿತು. ಈಗ ಅವನು ಕ್ಷಮೆ ಕೇಳಬೇಕು, ಅವಳು ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ ತನ್ನನ್ನೇ ಕೇಳಿಕೊಳ್ಳಬೇಕು. ಎರಡಕ್ಕೂ ಮಾತ್ರೆ ಇಲ್ಲ.

ಹೆಜ್ಜೆ 10: ಸುಖಾಂತ್ಯ

ಕೊನೆಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆಯ (ಇಎಸ್‌ಆರ್) ರಿಪೋರ್ಟ್ ನಾರ್ಮಲ್ ಬಂದು ಎಲ್ಲರೂ ಕುಣಿಯುವುದು ಬೇಡ. ಎರಡನೇ ಹೆಜ್ಜೆಯಲ್ಲಿ ಬರೆದ ಹಾಳೆ ತೆಗೆಯಿರಿ. ಅವಳಿಗೆ ಏನು ಬೇಕಿತ್ತು? ಸಾಲ ತೀರಿಸಬೇಕು, ಮಹಡಿ ಮೇಲೆ ರೂಮು ಬೇಕು. ಸಾಲ ತೀರಲಿ. ರೂಮು ಮಹಡಿ ಮೇಲೆ ಬೇಕಾ, ಕೆಳಗೇ ಕಟ್ಟಿಸೋಣವಾ ಅಂತ ಇಬ್ಬರೂ ಜಗಳ ಆಡಲಿ. ಮೆಟ್ಟಿಲು ಹತ್ತಲಾಗದ ದಿನಗಳು ಬರಬಹುದು ಅಂತ ಗೊತ್ತಿದ್ದೂ ಅವಳು ಮಹಡಿಯನ್ನೇ ಆರಿಸಿಕೊಂಡರೆ ಅದು ಅವಳ ಜಂಬ. ಕೆಳಗೆ ಅಂದರೆ ಅದು ಅವಳ ಜಾಣತನ. ಎರಡೂ ಸುಖಾಂತ್ಯವೇ.

ಹೆಜ್ಜೆ 11: ಓದಿಸಿ, ಆಮೇಲೆ ಪ್ರಕಟಿಸಿ

ಕರಡು ಮುಗಿದ ಮೇಲೆ ಆ ಕಾಯಿಲೆ ಇರುವ ಇಬ್ಬರಿಗಾದರೂ ಓದಲು ಕೊಡಿ. ಒಬ್ಬರ ಅನುಭವ ಇನ್ನೊಬ್ಬರದಲ್ಲ. ಅವರಿಗೆ “ಚೆನ್ನಾಗಿದೆಯಾ?” ಅಂತ ಕೇಳುವ ಬದಲು “ಎಲ್ಲಿ ಸಿಟ್ಟು ಬಂತು?” ಅಂತ ಕೇಳಿ. ಔಷಧಿಯ ಪುಟಗಳನ್ನು ಮಾತ್ರ ಬೇರೆ ಮಾಡಿ ಒಬ್ಬ ಡಾಕ್ಟರಿಗೋ ಫಾರ್ಮಸಿಸ್ಟಿಗೋ ತೋರಿಸಿ.

ವಾರಪತ್ರಿಕೆಯಲ್ಲೋ ಪ್ರತಿಲಿಪಿಯಂಥ ಕಡೆಯೋ ಧಾರಾವಾಹಿಯಾಗಿ ಕೊಡುವ ಆಲೋಚನೆ ಇದ್ದರೆ ಇಡೀ ಕಾದಂಬರಿ ಬರೆದು ಮುಗಿಸಿಯೇ ಮೊದಲ ಕಂತು ಹಾಕಿ. ನಾಲ್ಕೈದು ಕಂತು ಆಗುತ್ತಿದ್ದಂತೆ ಓದುಗರು ಬರೆಯಲು ಶುರು ಮಾಡುತ್ತಾರೆ: “ಪ್ಲೀಸ್, ಚೈತ್ರಾನ ಬೇಗ ಹುಷಾರು ಮಾಡಿ.” ಪ್ರೀತಿಯಿಂದಲೇ ಬರೆಯುತ್ತಾರೆ. ನೇರಾನೇರ ಬರೆಯುತ್ತಾ ಹೋಗುವ ಲೇಖಕರಿಗೆ ಈ ಒತ್ತಡ ತಡೆಯುವುದು ಕಷ್ಟ. ಮುಗಿದ ಹಸ್ತಪ್ರತಿ ಕೈಯಲ್ಲಿದ್ದರೆ ಧೈರ್ಯವಾಗಿ “ಹುಷಾರಾಗಲ್ಲ, ಆದ್ರೂ ಓದಿ” ಅಂತ ಉತ್ತರ ಕೊಟ್ಟು ಮುಂದಿನ ಕಂತು ಹಾಕಬಹುದು.